ತೊಟ್ಟಿಲು ತೂಗದ ಮನೆಗಳು: ಕಿತ್ತೂರಿನ ಅರಮನೆಯಿಂದ ವೈದ್ಯರ ಬಾಗಿಲವರೆಗೆ



ಈ ಪುಟ ಓದುವ ಮೊದಲು ಬೆಳಗಾವಿ ಜಿಲ್ಲೆಯ ನಕಾಶೆಯನ್ನು ಎದುರಿಗೆ ಹರಡಿಕೊಳ್ಳಿ. ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮೇಲೆ ಕಿತ್ತೂರು ಕಾಣುತ್ತದೆ. ಅಲ್ಲಿಂದ ಈಶಾನ್ಯಕ್ಕೆ ಬೈಲಹೊಂಗಲ. ಇನ್ನೂ ಪೂರ್ವಕ್ಕೆ ಸರಿದರೆ ಸವದತ್ತಿ, ಅದರ ಆಚೆ ರಾಮದುರ್ಗ. ಖಾನಾಪುರದ ಕಡೆಯ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸಂಗೊಳ್ಳಿಯನ್ನು ಹಾದು, ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ರಾಮದುರ್ಗದತ್ತ ಹರಿಯುತ್ತಾಳೆ. ಒಂದು ದಿನದ ಬಸ್ ಪ್ರಯಾಣದಲ್ಲಿ ಈ ನಾಲ್ಕೂ ಊರುಗಳನ್ನು ಸುತ್ತಿ ಬರಬಹುದು.

ಈ ನಾಲ್ಕು ಊರುಗಳ ಹೆಸರು ಕೇಳಿದೊಡನೆ ನಿಮ್ಮ ನೆನಪಿಗೆ ಬರುವುದು ಯುದ್ಧ, ಕೋಟೆ, ಜಾತ್ರೆ. ಇಂದು ನಾವು ಅವುಗಳ ಹಿಂದೆ ಅಡಗಿರುವ ಒಂದು ಮನೆಮಾತನ್ನು ವಿಚಾರಿಸೋಣ. ಮಕ್ಕಳಾಗದ ಮನೆಗಳು ಇಲ್ಲಿ ಏನು ಮಾಡಿದವು? ಯಾರ ಬಳಿಗೆ ಹೋದವು? ಹೋಗಬೇಕಾದ ಕಡೆಗೆ ಯಾವಾಗ ಹೋದವು? ಪಠ್ಯಪುಸ್ತಕದಲ್ಲಿ ಈ ಪ್ರಶ್ನೆ ಬರುವುದಿಲ್ಲ. ಆದರೆ ಈ ಭಾಗದ ಇತಿಹಾಸದ ಎರಡು ದೊಡ್ಡ ದಂಗೆಗಳು ತೊಟ್ಟಿಲು ಖಾಲಿಯಿದ್ದ ಎರಡು ಮನೆಗಳಿಂದಲೇ ಹೊರಟವು ಎಂಬುದನ್ನು ಗಮನಿಸಿ.

ಮೊದಲು ಕಿತ್ತೂರು. ದೇಸಾಯಿ ಮನೆತನದ ಮಲ್ಲಸರ್ಜನಿಗೆ ಇಬ್ಬರು ರಾಣಿಯರು, ರುದ್ರಮ್ಮ ಮತ್ತು ಕಾಕತಿಯ ಮಗಳು ಚೆನ್ನಮ್ಮ. 1816ರಲ್ಲಿ ಮಲ್ಲಸರ್ಜ ತೀರಿಕೊಂಡ ಮೇಲೆ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದ. ಚೆನ್ನಮ್ಮನ ಹೊಟ್ಟೆಯಲ್ಲಿ ಹುಟ್ಟಿದ ಮಗ ಉಳಿಯಲಿಲ್ಲ. ಶಿವಲಿಂಗರುದ್ರಸರ್ಜನಿಗೂ ಅವನ ಪತ್ನಿ ವೀರಮ್ಮನಿಗೂ ಮಕ್ಕಳಾಗಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿಯೂ ಕಾಯಿಲೆಯಿಂದ ತೀರಿಕೊಂಡ. ಮಾಸ್ತಮರಡಿ ಗೌಡರ ಮಗ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತಕಕ್ಕೆ ತೆಗೆದುಕೊಂಡಿರುವುದಾಗಿ ಅರಮನೆಯಿಂದ ಧಾರವಾಡದ ಕಲೆಕ್ಟರನಿಗೆ ಪತ್ರ ಹೋಯಿತು.

ಆ ಕಲೆಕ್ಟರನ ಹೆಸರು ಸೇಂಟ್ ಜಾನ್ ಥ್ಯಾಕರೆ. ಪತ್ರದ ಮೇಲಿನ ಸಹಿಯನ್ನೇ ಆತ ಸಂಶಯಿಸಿದ. ದತ್ತಕ ನಡೆದದ್ದು ದೇಸಾಯಿ ಬದುಕಿದ್ದಾಗಲೋ ಸತ್ತ ಮೇಲೋ ಎಂದು ಕೇಳಿದ. ನಡೆದಿದ್ದರೂ ಕಂಪನಿ ಸರ್ಕಾರದ ಅಪ್ಪಣೆ ಇರಲಿಲ್ಲವಲ್ಲ ಎಂದ. ಖಜಾನೆಗೆ ಮೊಹರು ಬಿತ್ತು. ಮುಂದಿನದನ್ನು ನೀವು ಬಲ್ಲಿರಿ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ನುಗ್ಗಿದ ಕಿತ್ತೂರಿನವರ ಎದುರಿಗೆ ಥ್ಯಾಕರೆ ಮಡಿದ. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. (ಈ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿ ಇತಿಹಾಸಕಾರರಿಗೆ ದೊಡ್ಡ ಉಪಕಾರ ಮಾಡಿದವನು. ಕಿತ್ತೂರಿನವರು ಸೆರೆಯಾಳನ್ನು ಗೌರವದಿಂದ ನಡೆಸಿಕೊಳ್ಳದೆ ಹೋಗಿದ್ದರೆ ಆ ಸಂಗ್ರಹ ಇರುತ್ತಿರಲಿಲ್ಲ.) ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಚೆನ್ನಮ್ಮ ಮತ್ತು ಸೊಸೆ ವೀರಮ್ಮ ಬೈಲಹೊಂಗಲದಲ್ಲಿ ಬಂಧನದಲ್ಲಿದ್ದರು. 1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಅಲ್ಲಿಯೇ ತೀರಿಕೊಂಡಳು. ಸಮಾಧಿ ಇಂದಿಗೂ ಬೈಲಹೊಂಗಲದಲ್ಲಿದೆ.

ಇಲ್ಲಿ ಒಂದು ಮಾತು. ನಮ್ಮ ಧರ್ಮಶಾಸ್ತ್ರಗಳ ಪ್ರಕಾರ ದತ್ತಕ ಎಂಬುದು ಅರಸನ ಅಪ್ಪಣೆಯನ್ನು ಕಾದು ಕೂರುವ ವಿಷಯವಲ್ಲ. ಅದು ಮನೆಯವರ ಹಕ್ಕು. ಈ ಪಶ್ಚಿಮ ಭಾಗದ ಪದ್ಧತಿಯಲ್ಲಂತೂ ಗಂಡನ ಸ್ಪಷ್ಟ ಅನುಮತಿ ಇಲ್ಲದೆಯೂ ವಿಧವೆ ದತ್ತು ಪಡೆಯಬಹುದೆಂಬುದನ್ನು ಮುಂದೆ ಇಂಗ್ಲಿಷರ ನ್ಯಾಯಾಲಯಗಳೇ ಒಪ್ಪಿದವು. ಆದರೆ ಹೊಲ ಮನೆಗೆ ಒಪ್ಪಿದ ಮಾತನ್ನು ಸಂಸ್ಥಾನಕ್ಕೆ ಒಪ್ಪಲು ಕಂಪನಿ ತಯಾರಿರಲಿಲ್ಲ. 1848ರಲ್ಲಿ ಡಾಲ್‌ಹೌಸಿ ಸಾತಾರಾವನ್ನು ನುಂಗುವಾಗ ಇದಕ್ಕೆ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯ ರೂಪ ಬಂದಿತು. ಕಿತ್ತೂರಿನಲ್ಲಿ ಅದು ಇಪ್ಪತ್ತನಾಲ್ಕು ವರ್ಷ ಮೊದಲೇ ನಡೆದುಹೋಗಿತ್ತು.

ಸಂಗೊಳ್ಳಿ ರಾಯಣ್ಣ 1829-30ರಲ್ಲಿ ಎದ್ದು ನಿಂತದ್ದು ಯಾರಿಗಾಗಿ? ಅದೇ ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಯ ಮೇಲೆ ಕೂರಿಸುವುದಕ್ಕಾಗಿ. 1831ರ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ನಂದಗಡಕ್ಕೆ ನೀವು ಹೋದರೆ ಅವನ ಸಮಾಧಿಯ ಬಳಿ ದೊಡ್ಡದೊಂದು ಆಲದ ಮರವನ್ನು ಕಾಣುತ್ತೀರಿ. ಅದಕ್ಕೆ ಚಿಕ್ಕ ಚಿಕ್ಕ ತೊಟ್ಟಿಲುಗಳನ್ನು ಕಟ್ಟಿರುತ್ತಾರೆ. ಮಕ್ಕಳಾಗದವರು ಹರಕೆ ಹೊತ್ತು ಕಟ್ಟಿದ ತೊಟ್ಟಿಲುಗಳು ಅವು. ಇನ್ನೊಬ್ಬರ ದತ್ತುಮಗನಿಗಾಗಿ ಪ್ರಾಣ ಕೊಟ್ಟವನ ಹತ್ತಿರ ಜನ ಮಗುವನ್ನು ಬೇಡುತ್ತಾರೆ. ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಆ ತೊಟ್ಟಿಲು ಕಟ್ಟಿದ ದಂಪತಿಗಳಲ್ಲಿ ಎಷ್ಟು ಗಂಡಸರು ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡಿದ್ದರೋ ಎಂಬ ಯೋಚನೆಯನ್ನೂ ತಡೆಯಲಾರೆ.

ಎರಡನೆಯ ಮನೆ ನರಗುಂದದ್ದು. ನರಗುಂದ ಈಗ ಗದಗ ಜಿಲ್ಲೆಗೆ ಸೇರಿದೆ. ಆದರೆ ಆ ಕಥೆಯ ರಕ್ತ ಚೆಲ್ಲಿದ್ದು ರಾಮದುರ್ಗ ತಾಲ್ಲೂಕಿನಲ್ಲಿ. ನರಗುಂದ ಮತ್ತು ರಾಮದುರ್ಗ ಎರಡೂ ಭಾವೆ ಮನೆತನದ ಕವಲುಗಳು. ನರಗುಂದದ ಬಾಬಾಸಾಹೇಬ, ಎಂದರೆ ಭಾಸ್ಕರರಾವ್ ಭಾವೆ, ವಿದ್ಯಾವಂತ. ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಕೂಡಿಹಾಕಿದ್ದ. ಅವನಿಗೆ ಗಂಡು ಸಂತಾನವಿರಲಿಲ್ಲ. ದತ್ತು ಪಡೆಯಲು ಅನುಮತಿ ಕೇಳಿದ, ಸಿಗಲಿಲ್ಲ. ಇನಾಮ್ ಕಮಿಷನ್ನಿನ ತನಿಖೆ, ಆಯುಧ ಒಪ್ಪಿಸಬೇಕೆಂಬ ಕಾನೂನು ಇವೂ ಸೇರಿ ಕಿಚ್ಚು ಹತ್ತಿತು. ದತ್ತಕದ ನಿರಾಕರಣೆಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಅದು ಹಳೆಯ ಗಾಯ. 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದಿಂದ ಹೊರಟು ಸುರೇಬಾನದಲ್ಲಿ ತಂಗಿದ್ದ. ಬಾಬಾಸಾಹೇಬನ ಜನ ಅಲ್ಲಿಯೇ ಅವನನ್ನು ಕೊಂದರು. ಇತ್ತ ರಾಮದುರ್ಗದ ದೊರೆ ಬಾಬಾಸಾಹೇಬನ ಮಲಸೋದರ. ಆತ ಇಂಗ್ಲಿಷರ ಪಕ್ಷದಲ್ಲಿಯೇ ಉಳಿದ, ಆ ದಾರಿಯಲ್ಲಿ ಹೋಗಬೇಡವೆಂದು ಮ್ಯಾನ್ಸನ್‌ಗೆ ಎಚ್ಚರಿಕೆಯನ್ನೂ ಕೊಟ್ಟಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು.

1857-58ರ ಪಾಠ ಕಲಿತ ಇಂಗ್ಲಿಷರು ದೇಶೀ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಿದರು. ರಾಮದುರ್ಗಕ್ಕೂ ಸನದು ಬಂತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಆ ಸಂಸ್ಥಾನ ಉಳಿಯಿತು.

ಈಗ ನಿಮ್ಮನ್ನೊಂದು ಪ್ರಶ್ನೆ ಕೇಳುತ್ತೇನೆ. ಈ ಎರಡೂ ಕಥೆಗಳಲ್ಲಿ ‘ಮುಂದೆ ಯಾರು?’ ಎಂದು ಎಲ್ಲರೂ ಕೇಳಿದರು. ‘ಮಕ್ಕಳು ಏಕೆ ಆಗಲಿಲ್ಲ?’ ಎಂದು ಕೇಳಿದವರು ಯಾರು? ಕೇಳಿದ್ದರೂ ಉತ್ತರ ಹೇಳುವವರು ಆಗ ಲೋಕದಲ್ಲಿಯೇ ಇರಲಿಲ್ಲ. 1677ರಲ್ಲಿ ಹಾಲೆಂಡಿನ ಲೇವನ್‌ಹುಕ್ ತಾನೇ ಉಜ್ಜಿ ತಯಾರಿಸಿದ ಮಸೂರದ ಕೆಳಗೆ ವೀರ್ಯಾಣುಗಳನ್ನು ಕಂಡಿದ್ದ. ಹೆಣ್ಣಿನ ಅಂಡಾಣು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಮೊದಲ ಬಾರಿಗೆ ವರ್ಣಿಸಿದ್ದು 1827ರಲ್ಲಿ. ಆ ವರ್ಷ ಚೆನ್ನಮ್ಮ ಬೈಲಹೊಂಗಲದ ಬಂಧನದಲ್ಲಿದ್ದಳು! ವೀರ್ಯಾಣುವಿನ ಕೇಂದ್ರ ಅಂಡಾಣುವಿನ ಕೇಂದ್ರದೊಡನೆ ಒಂದಾಗುವುದನ್ನು ಆಸ್ಕರ್ ಹರ್ಟ್ವಿಗ್ ಕಡಲಜೀವಿಯೊಂದರಲ್ಲಿ ಕಂಡದ್ದು 1876ರಲ್ಲಿ, ಬಾಬಾಸಾಹೇಬ ತೀರಿಕೊಂಡು ಹದಿನೆಂಟು ವರ್ಷವಾದ ಮೇಲೆ. ತಿಂಗಳಿನ ಯಾವ ದಿನಗಳಲ್ಲಿ ಗರ್ಭ ನಿಲ್ಲುವ ಸಂಭವ ಹೆಚ್ಚು ಎಂಬ ಲೆಕ್ಕ ಜಪಾನಿನ ಒಗಿನೊ ಮತ್ತು ಆಸ್ಟ್ರಿಯದ ಕ್ನಾಸ್ ಎಂಬ ವೈದ್ಯರಿಂದ ಸಿಕ್ಕಿದ್ದು 1920ರ ದಶಕದಲ್ಲಿ. ಆದ್ದರಿಂದ ಕಿತ್ತೂರಿನ ದೇಸಾಯಿಗಾಗಲಿ ನರಗುಂದದ ದೊರೆಗಾಗಲಿ ದೇಹದಲ್ಲಿ ಏನಾಗಿತ್ತು ಎಂದು ಇಂದು ನಾವು ಊಹಿಸುವುದು ಸಲ್ಲದು. ಇತಿಹಾಸದ ವಿದ್ಯಾರ್ಥಿ ಸತ್ತವರ ನಾಡಿ ಹಿಡಿಯಬಾರದು.

ಹಾಗೆಂದು ನಮ್ಮ ಹಿರಿಯರಿಗೆ ಏನೂ ತಿಳಿದಿರಲಿಲ್ಲವೆನ್ನುವಂತಿಲ್ಲ. ಸುಶ್ರುತಸಂಹಿತೆ ಗರ್ಭಕ್ಕೆ ನಾಲ್ಕು ಬೇಕು ಎನ್ನುತ್ತದೆ: ಋತು, ಕ್ಷೇತ್ರ, ಅಂಬು, ಬೀಜ. ಬೆಳೆಗೆ ಹದ, ಹೊಲ, ನೀರು, ಬಿತ್ತನೆಕಾಳು ಹೇಗೋ ಹಾಗೆ. ಚರಕಸಂಹಿತೆಯಲ್ಲಿ ಗಂಡಸಿನ ಬೀಜದೋಷದ ಚರ್ಚೆ ವಿವರವಾಗಿಯೇ ಇದೆ. ಯರಗಟ್ಟಿ, ಮುನವಳ್ಳಿ ಕಡೆಯ ಯಾವ ರೈತನನ್ನು ಕೇಳಿದರೂ ಮೊಳಕೆ ಬಾರದಿದ್ದರೆ ಹೊಲವನ್ನಷ್ಟೇ ಬೈಯಬಾರದು, ಬೀಜವನ್ನೂ ನೋಡಬೇಕು ಎನ್ನುತ್ತಾನೆ. ಮನೆಯೊಳಗೆ ಬಂದೊಡನೆ ಅದೇ ರೈತ ಈ ಮಾತನ್ನು ಮರೆಯುತ್ತಾನೆ. ನಮ್ಮ ಆಡುಮಾತಿನಲ್ಲಿ ‘ಬಂಜೆ’ ಎಂಬ ಪದವಿದೆ. ಅದಕ್ಕೆ ಸರಿಸಾಟಿಯಾಗಿ ಗಂಡಸಿಗೆ ದಿನಬಳಕೆಯ ಪದವೊಂದನ್ನು ಹುಡುಕಿ ನೋಡಿ, ಎಷ್ಟು ಹೊತ್ತು ಹಿಡಿಯುತ್ತದೆಂದು.

ನಮ್ಮ ಮನೆಯಲ್ಲಿಯೇ ಕಂಡದ್ದನ್ನು ಹೇಳುತ್ತೇನೆ. ನನ್ನ ದೊಡ್ಡವ್ವನನ್ನು ಸವದತ್ತಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಹನ್ನೊಂದು ವರ್ಷ ಮಕ್ಕಳಾಗಲಿಲ್ಲ. ಪ್ರತಿ ಭಾರತ ಹುಣ್ಣಿಮೆಗೆ ಬರಿಗಾಲಲ್ಲಿ ಗುಡ್ಡ ಹತ್ತಿದಳು, ಸೋಮವಾರ ಉಪವಾಸ ಮಾಡಿದಳು, ಯಾರೋ ಕೊಟ್ಟ ಬೇರನ್ನು ತೇಯ್ದು ಕುಡಿದು ವಾಂತಿಯಾಗಿ ಮಲಗಿದಳು. ಕೊನೆಗೆ ಮನೆಯವರು ಗಂಡನಿಗೆ ಎರಡನೆಯ ಲಗ್ನ ಮಾಡಿದರು. ಎರಡನೆಯವಳಿಗೂ ಮಕ್ಕಳಾಗಲಿಲ್ಲ. ಆಗಲೂ ಊರಿನವರು ಹೇಳಿದ್ದು ಒಂದೇ ಮಾತು, ‘ಪಾಪ, ಅವನ ದೈವ ನೆಟ್ಟಗಿಲ್ಲ, ಇಬ್ಬರೂ ಬಂಜೇರು ಸಿಕ್ಕರು.’ ನಾನು ಕಾಲೇಜು ಸೇರಿದ ವರ್ಷ ಆಕೆ ನನ್ನ ಮುಂದೆ ಜೋಳ ಕೇರುತ್ತ ಕುಳಿತಿದ್ದಳು. ‘ತಮ್ಮಾ, ನೀ ಸಾಲೀ ಕಲತಾವ. ನನ್ನ ಮೈ ಎಲ್ಲಾರೂ ನೋಡಿದರು. ಅವರನ್ನ ಒಬ್ಬರರೆ ನೋಡ್ಯಾರೇನು?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ನಲವತ್ತು ನಿಮಿಷದ ಬಸ್ ದಾರಿಯಲ್ಲಿ ಸರ್ಕಾರಿ ಆಸ್ಪತ್ರೆ ಇತ್ತು.

ಸವದತ್ತಿಯ ಮಾತು ಬಂದಿತು, ಅದನ್ನು ಇನ್ನಷ್ಟು ನೋಡೋಣ. ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಚಕ್ಕಡಿ ಹೂಡಿಕೊಂಡು, ‘ಉಧೋ ಉಧೋ’ ಎಂದು ಕೂಗುತ್ತ, ಭಂಡಾರ ಎರಚುತ್ತ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, ದೇವಿಗೆ ಉಡಿ ತುಂಬುತ್ತಾರೆ. ಉಡಿ ತುಂಬುವುದೆಂದರೇನೇ ಹೆಣ್ಣಿನ ಮಡಿಲು ತುಂಬಲಿ ಎಂಬ ಹಾರೈಕೆ. ಇಷ್ಟರವರೆಗೆ ಯಾರಿಗೂ ತೊಂದರೆಯಿಲ್ಲ. ಆದರೆ ಈ ಹರಕೆಗೆ ಕರಾಳವಾದ ಇನ್ನೊಂದು ಮುಖವಿತ್ತು. ‘ಮಗು ಆದರೆ ಹೆಣ್ಣುಮಗಳೊಬ್ಬಳನ್ನು ನಿನಗೇ ಬಿಡುತ್ತೇವೆ’ ಎಂದು ಹೊತ್ತ ಹರಕೆ. ಹೀಗೆ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುತ್ತಿದ್ದರು.

ಇದರಲ್ಲಿ ಭಕ್ತಿಯಷ್ಟೇ ಲೆಕ್ಕಾಚಾರವೂ ಇತ್ತು, ಇತಿಹಾಸದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಗಂಡು ಮಕ್ಕಳಿಲ್ಲದ ಬಡ ದಲಿತ ಕುಟುಂಬದಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ಮದುವೆಯಾಗಿ ಹೊರಗೆ ಹೋಗುವುದಿಲ್ಲ. ತಾಯಿತಂದೆಯರನ್ನು ಸಾಕುತ್ತಾಳೆ, ಮಗನಂತೆ ಆಸ್ತಿಗೂ ಬರುತ್ತಾಳೆ, ಅವಳ ಮಕ್ಕಳು ಆ ಮನೆಯ ಹೆಸರನ್ನೇ ಉಳಿಸುತ್ತಾರೆ. ಅರಮನೆಯಲ್ಲಿ ವಾರಸುದಾರನಿಲ್ಲದಿದ್ದರೆ ಗೌಡರ ಹುಡುಗನನ್ನು ದತ್ತು ತಂದರು. ಗುಡಿಸಲಿನಲ್ಲಿ ವಾರಸುದಾರನಿಲ್ಲದಿದ್ದರೆ ಇದ್ದ ಮಗಳನ್ನೇ ಬಿಟ್ಟುಕೊಟ್ಟರು. ಅರಮನೆಯ ದತ್ತಕಕ್ಕಾಗಿ ಯುದ್ಧ ನಡೆಯಿತು. ಗುಡಿಸಲಿನ ಹುಡುಗಿಗಾಗಿ ಬಹುಕಾಲ ಯಾರೂ ಎದ್ದು ನಿಲ್ಲಲಿಲ್ಲ. 1934ರಲ್ಲಿ ಮುಂಬಯಿ ಪ್ರಾಂತದಲ್ಲಿ ಒಂದು ಕಾನೂನು ಬಂತು. 1982ರಲ್ಲಿ ಕರ್ನಾಟಕ ವಿಧಾನಮಂಡಲ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ತಂದಿತು. ಮುಂದೆ ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರು ತಾವೇ ಸಂಘ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ ಮುತ್ತು ಕಟ್ಟುವುದನ್ನು ತಡೆದರು. ಇತ್ತ 1994ರಲ್ಲಿ ಕರ್ನಾಟಕದಲ್ಲಿಯೂ 2005ರಲ್ಲಿ ಇಡೀ ದೇಶದಲ್ಲಿಯೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿತು. ಮಗಳನ್ನು ಮಗನನ್ನಾಗಿ ಮಾಡಲು ಮುತ್ತು ಬೇಕಿಲ್ಲವೆಂಬುದು ಕಾನೂನಿನಿಂದಲೇ ಸ್ಪಷ್ಟವಾಯಿತು.

ಇನ್ನು ವೈದ್ಯರ ಬಾಗಿಲು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಎಂಬ ಮೊದಲ ಪ್ರಣಾಳ ಶಿಶು ಹುಟ್ಟಿತು. ಅಂಡಾಣು ಮತ್ತು ವೀರ್ಯಾಣುಗಳನ್ನು ದೇಹದ ಹೊರಗೆ, ಪ್ರಯೋಗಶಾಲೆಯಲ್ಲಿ ಕೂಡಿಸಿ, ಭ್ರೂಣವನ್ನು ತಾಯಿಯ ಗರ್ಭಕೋಶದಲ್ಲಿ ಇಟ್ಟು ಬೆಳೆಸುವ ವಿಧಾನವದು. ಅದಾದ ಎಪ್ಪತ್ತು ದಿನಗಳಲ್ಲಿ ನಿರೀಕ್ಷಿಸದೆ ಇದ್ದ ಕಡೆಯಿಂದ ಸುದ್ದಿ ಬಂತು. ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ, ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಅಂಥದೇ ಹೆಣ್ಣುಮಗು ಜನಿಸಿತು. ಸರ್ಕಾರ ನೇಮಿಸಿದ ಸಮಿತಿ ಅದನ್ನು ನಂಬಲಿಲ್ಲ. ಅವಮಾನ, ವರ್ಗಾವಣೆಗಳಿಂದ ನೊಂದ ಅವರು 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. 1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ. ಸಿ. ಆನಂದಕುಮಾರ್ ಅವರ ಪ್ರಯತ್ನದಿಂದ ಹರ್ಷಾ ಎಂಬ ಮಗು ಹುಟ್ಟಿದಾಗ ಭಾರತದ ಮೊದಲ ಪ್ರಣಾಳ ಶಿಶು ಎಂಬ ಕೀರ್ತಿ ಅವರಿಗೆ ಬಂತು. ಆನಂದಕುಮಾರ್ ಮುಂದೆ ಬೆಂಗಳೂರಿಗೆ ಬಂದು ನೆಲೆಸಿದರು. ಮುಖರ್ಜಿಯವರ ಹಸ್ತಪ್ರತಿ ಟಿಪ್ಪಣಿಗಳನ್ನು ತಾವೇ ಪರಿಶೀಲಿಸಿ, ‘ಮೊದಲಿಗರು ನಾವಲ್ಲ, ಅವರು’ ಎಂದು 1997ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತನಗೆ ಬಂದ ಕಿರೀಟವನ್ನು ತಾನೇ ತೆಗೆದು ಸತ್ತವನೊಬ್ಬನ ತಲೆಯ ಮೇಲಿಟ್ಟ ವಿಜ್ಞಾನಿ ಇವರು. ಇಂಥ ದತ್ತಪತ್ರಗಳು ವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚಿಲ್ಲ.

1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸಿ ಗರ್ಭ ನಿಲ್ಲಿಸಿದ ವರದಿ ಬಂತು. ಗಂಡಸಿನಲ್ಲಿ ತೀವ್ರ ಕೊರತೆಯಿದ್ದರೂ ದಾರಿಯಿದೆ ಎಂಬುದು ಅಂದಿನಿಂದ ಖಚಿತವಾಯಿತು.

ಆದರೆ ಪ್ರಣಾಳ ಶಿಶು ಕೊನೆಯ ಮೆಟ್ಟಿಲು. ಬಹಳ ಮಂದಿಗೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ, ಸಕಾಲದಲ್ಲಿ ಮೊದಲ ಮೆಟ್ಟಿಲು ಹತ್ತಿದರೆ. ಹಾಗಾದರೆ ಸಕಾಲ ಎಂದರೆ ಯಾವುದು? ಗರ್ಭನಿರೋಧಕವಿಲ್ಲದೆ ಒಟ್ಟಿಗೆ ಬಾಳುತ್ತಿರುವ ದಂಪತಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿದವರಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಆದ್ದರಿಂದ ಮದುವೆಯಾಗಿ ಮೂರು ತಿಂಗಳಿಗೇ ‘ಏನಾದರೂ ವಿಶೇಷ?’ ಎಂದು ಕೇಳುವ ನೆರೆಯವರ ಮಾತಿಗೆ ಹೆದರಬೇಕಾಗಿಲ್ಲ. ಹೆಂಡತಿಯ ವಯಸ್ಸು 35ಕ್ಕಿಂತ ಕಡಿಮೆಯಿದ್ದು, ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. 35 ದಾಟಿದ್ದರೆ ಆರು ತಿಂಗಳು ಸಾಕು. 40 ದಾಟಿದ್ದರೆ ಕಾಯುವುದೇ ಬೇಡ. ಹೆಣ್ಣು ಹುಟ್ಟುವಾಗಲೇ ತನ್ನ ಅಂಡಾಣುಗಳ ಬುತ್ತಿಯನ್ನು ಕಟ್ಟಿಕೊಂಡು ಬರುತ್ತಾಳೆ. ವರ್ಷ ಕಳೆದಂತೆ ಬುತ್ತಿ ಕರಗುತ್ತದೆ, ತುಂಬಿಸಲು ಬರುವುದಿಲ್ಲ. ದೊಡ್ಡವ್ವನ ಹನ್ನೊಂದು ವರ್ಷಗಳ ಬೆಲೆ ಇದರಿಂದ ನಿಮಗೆ ತಿಳಿಯಬಹುದು.

ವರ್ಷ ಕಾಯದೆ ಮೊದಲೇ ಹೋಗಬೇಕಾದ ಸಂದರ್ಭಗಳೂ ಇವೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದು ಅಥವಾ ನಿಂತೇ ಹೋಗುವುದು, ಮುಟ್ಟಿನಲ್ಲಿ ಹಾಸಿಗೆ ಹಿಡಿಸುವಂಥ ನೋವು, ಎರಡು ಸಲ ಗರ್ಭ ಇಳಿದುಹೋಗುವುದು, ಹಿಂದೆ ಕಿಬ್ಬೊಟ್ಟೆಯ ಸೋಂಕು ಅಥವಾ ಶಸ್ತ್ರಚಿಕಿತ್ಸೆ ಆಗಿರುವುದು. ಗಂಡಸಿನಲ್ಲಿ ಚಿಕ್ಕಂದಿನಲ್ಲಿ ವೃಷಣ ಕೆಳಗೆ ಇಳಿಯದೆ ಇದ್ದದ್ದು, ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣ ಊದಿಕೊಂಡದ್ದು, ಕ್ಯಾನ್ಸರಿಗೆ ಔಷಧಿ ಅಥವಾ ವಿಕಿರಣ ತೆಗೆದುಕೊಂಡದ್ದು. ನಮ್ಮ ದೇಶದಲ್ಲಿ ಇನ್ನೊಂದನ್ನು ಒತ್ತಿ ಹೇಳಬೇಕು: ಕ್ಷಯ. ಶ್ವಾಸಕೋಶಕ್ಕೆ ಮಾತ್ರವಲ್ಲ, ಅದು ಗರ್ಭನಾಳಗಳಿಗೂ ಹರಡಿ, ಕೆಮ್ಮು ಕಫ ಏನನ್ನೂ ತೋರಿಸದೆ ಅವನ್ನು ಮುಚ್ಚಿಬಿಡಬಲ್ಲದು. ಮನೆಯಲ್ಲಿ ಯಾರಿಗಾದರೂ ಕ್ಷಯವಾಗಿದ್ದರೆ ವೈದ್ಯರಿಗೆ ಮರೆಯದೆ ಹೇಳಬೇಕು.

‘ನಾವು ಇನ್ನೂ ಓದುವ ಮಕ್ಕಳು, ನಮಗೇಕೆ ಇದೆಲ್ಲ?’ ಎಂದು ನೀವು ಕೇಳಬಹುದು. ಮೇಲಿನ ಪಟ್ಟಿಯಲ್ಲಿ ಅರ್ಧದಷ್ಟು ನಿಮ್ಮ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುವಂಥವು. ಹದಿನೈದು ತುಂಬಿದರೂ ಮೈನೆರೆಯದ ಹುಡುಗಿ, ವರ್ಷಗಳೇ ಕಳೆದರೂ ಮುಟ್ಟಿನ ಲೆಕ್ಕ ಕೂಡದ ಹುಡುಗಿ ವೈದ್ಯರನ್ನು ಕಾಣಬೇಕಾದದ್ದು ಮದುವೆಯ ನಂತರವಲ್ಲ, ಈಗ. ಕ್ಷಯದ ಗುಳಿಗೆಯನ್ನು ಎರಡು ತಿಂಗಳಿಗೇ ನಿಲ್ಲಿಸಿದ ಹುಡುಗ ಅದನ್ನು ಪೂರ್ತಿ ಮಾಡಬೇಕಾದದ್ದೂ ಈಗಲೇ. ತಂಬಾಕು ಗುಟ್ಕಾಗಳು ಬಾಯಿಯನ್ನಷ್ಟೇ ಕೆಡಿಸುವುದಿಲ್ಲ, ವೀರ್ಯಾಣುಗಳನ್ನೂ ಕುಂದಿಸುತ್ತವೆ.

ವೈದ್ಯರು ಮೊದಲು ಮಾಡುವುದೇನು? ಇಬ್ಬರನ್ನೂ ಕೂರಿಸಿ ಕೇಳುತ್ತಾರೆ. ಆಮೇಲಿನ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಸುಲಭವಾದದ್ದು, ಅಗ್ಗವಾದದ್ದು, ನೋವಿಲ್ಲದ್ದು ಗಂಡಸಿನದು. ಎರಡರಿಂದ ಏಳು ದಿನಗಳ ಸಂಯಮದ ಬಳಿಕ ವೀರ್ಯದ ಮಾದರಿ ಕೊಟ್ಟರಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣುಗಳು ಕೆಳಗಿನ ಗಡಿ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಒಮ್ಮೆ ಜ್ವರ ಬಂದಿದ್ದರೂ ಸಂಖ್ಯೆ ಇಳಿಯಬಹುದು, ಆದ್ದರಿಂದ ಒಂದೇ ವರದಿಯಿಂದ ಎದೆಗುಂದದೆ ಮೂರು ತಿಂಗಳ ನಂತರ ಇನ್ನೊಮ್ಮೆ ನೋಡುತ್ತಾರೆ. ಹೆಂಡತಿಗೆ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಅಗತ್ಯವಿದ್ದರೆ ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್‌ರೇ. ಸಂತಾನಹೀನತೆಯ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಾರಣವೂ ಸೇರಿರುತ್ತದೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಜೀವನದ ಯಾವುದೋ ಹಂತದಲ್ಲಿ ಈ ತೊಂದರೆ ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಇಷ್ಟು ಜನರಿಗೆ ಬರುವಂಥದ್ದು ಶಾಪವಾಗಿರಲಾರದು.

ಒಂದು ಎಚ್ಚರಿಕೆ. ಆಸೆ ಹೆಚ್ಚಿರುವಲ್ಲಿ ಅಂಗಡಿಗಳೂ ಹೆಚ್ಚು. ‘ನೂರಕ್ಕೆ ನೂರು ಫಲ’ ಎಂಬ ಫಲಕ ಕಂಡರೆ ಹಿಂದಕ್ಕೆ ಬನ್ನಿ. ಪ್ರಾಮಾಣಿಕ ವೈದ್ಯರು ಹಾಗೆ ಬರೆಯುವುದಿಲ್ಲ. 2021ರ ಕಾಯ್ದೆಯ ಪ್ರಕಾರ ಪ್ರಣಾಳ ಶಿಶು ಚಿಕಿತ್ಸೆ ನೀಡುವ ಕೇಂದ್ರ ನೋಂದಣಿಯಾಗಿರಲೇಬೇಕು. ಚಿಕಿತ್ಸೆ ಪಡೆಯುವ ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವರ್ಷದ ಮಿತಿಯಿದೆ. ನೋಂದಣಿಪತ್ರ ತೋರಿಸಿ ಎಂದು ಕೇಳುವುದು ಅವಿನಯವಲ್ಲ. ಚಿಕಿತ್ಸೆ ಬೇಡವೆನ್ನುವವರಿಗೆ, ಫಲಿಸದವರಿಗೆ ದತ್ತಕದ ದಾರಿ ಇಂದೂ ಇದೆ. ಕೇಂದ್ರ ದತ್ತು ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿ, ಕಾನೂನುಬದ್ಧವಾಗಿ ಮಗುವನ್ನು ತರಬಹುದು. ಅದಕ್ಕೆ ಥ್ಯಾಕರೆಯ ಒಪ್ಪಿಗೆ ಬೇಕಿಲ್ಲ.

ಈ ನಾಲ್ಕು ಊರಿನವರು ಎಲ್ಲಿಗೆ ಹೋಗಬೇಕು? ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಬಳಿಗೆ. ವೀರ್ಯ ಪರೀಕ್ಷೆ, ರಕ್ತಪರೀಕ್ಷೆ, ಸ್ಕ್ಯಾನಿಂಗ್‌ಗಳಿಗೆ ಅಲ್ಲಿಯ ವೈದ್ಯರೇ ದಾರಿ ತೋರಿಸುತ್ತಾರೆ. ಅದರಾಚೆ ಬೇಕಾದರೆ ಬೆಳಗಾವಿ ಅಥವಾ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಗುಡ್ಡಕ್ಕೆ ಹೋಗುವವರು ಹೋಗಲಿ, ಉಡಿ ತುಂಬಲಿ. ಹಿಂತಿರುಗುವ ಬಸ್ಸು ಆಸ್ಪತ್ರೆಯ ಮುಂದೆಯೇ ಹಾಯುತ್ತದೆ. ಹೋಗುವಾಗ ಕಳೆದ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು, ಹಳೆಯ ಔಷಧಿ ಚೀಟಿಗಳನ್ನು ಎಸೆಯದೆ ಜೊತೆಗೆ ಒಯ್ಯಬೇಕು. ಹೆಂಡತಿಯನ್ನು ಅತ್ತೆಯ ಜೊತೆ ಕಳುಹಿಸಿ ಗಂಡ ಹೊಲಕ್ಕೆ ಹೋಗುವುದು ಆಗದು. ಚೀಟಿ ಮಾಡಿಸುವಾಗ ಎರಡು ಹೆಸರು ಬರೆಸಬೇಕು.